ಮುರಿದ ಮೊನೆ

ದರ್ಜಿ ಹೆಂಗಸು ಸೂಜಿಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಿದ್ದಳು. ಕೊನೆಯದಕ್ಕೆ ಮೊನೆಯೇ ಇರಲಿಲ್ಲ. ಮೇಜು, ನೆಲ ಎಲ್ಲ ತಡಕಿದಳು. ಇನ್ನು ಉಳಿದದ್ದು ಅವಳೇ ಹೊಲಿದ ಬೆಳ್ಳಿಬಣ್ಣದ ಹೊದಿಕೆ. ದೂರದ ನಕ್ಷತ್ರಗಳ ಶಾಖ ನೋಡಲಿರುವ ಬಾಹ್ಯಾಕಾಶ ದೂರದರ್ಶಕಕ್ಕೆ ಬಿಸಿಲು ತಾಗದಂತೆ ಹೊದಿಸುವಂಥದ್ದು.

“ಬೇಗ ಪೆಟ್ಟಿಗೆಗೆ ಹಾಕ್ರೋ, ಲಾರಿ ಕಾಯ್ತಿದೆ,” ಎಂದ ಮೇಲ್ವಿಚಾರಕ.

“ಸರ್, ಸೂಜಿ ಮೊನೆ ಅದರೊಳಗೇ ಮುರಿದಿದೆ.”

“ಇರಲಿ ಬಿಡು ತಾಯಿ. ಆಕಾಶದಲ್ಲಿ ಯಾರ ಕಾಲಿಗೆ ಚುಚ್ಚುತ್ತೆ?”

ಪೆಟ್ಟಿಗೆ ಕಟ್ಟುತ್ತಿದ್ದವರೆಲ್ಲ ನಕ್ಕರು. ಎಂಟು ವರ್ಷ ತಲೆ ತಗ್ಗಿಸಿಯೇ ಹೊಲಿದವಳು ಹೊದಿಕೆಯ ಮೇಲೆ ಎರಡೂ ಅಂಗೈ ಊರಿ ನಿಂತಳು. “ಮೊನೆ ಹೊರಬಂದು ದೂರದರ್ಶಕದ ಕನ್ನಡಿ ಗೀರಿದರೆ, ಅಲ್ಲಿಗೆ ಹೋಗಿ ನಿಮ್ಮಪ್ಪ ತೆಗೀತಾರಾ?”

ಪೆಟ್ಟಿಗೆಗೆ ಅಂಟಿಸುವ ಟೇಪು ಕತ್ತರಿಸುವ ಕತ್ತರಿ ಮೇಲ್ವಿಚಾರಕನ ಕೈಯಲ್ಲೇ ಇತ್ತು.

“ಹೊಲಿಗೆ ಬಿಚ್ಚಬೇಕು,” ಎಂದು ಕೈ ಚಾಚಿದಳು. “ಅದನ್ನ ಇಲ್ಲಿ ಕೊಡಿ.”