ಉಪ್ಪಿನ ಅಳತೆ

ಮಥುರಾಬಾಯಿ ಸೊಸೆ ಲೀಲಾಬಾಯಿಯ ಕೈಯಲ್ಲಿದ್ದ ಲೋಟದ ಬಾಯಿಗೆ ಅಂಗೈ ಅಡ್ಡ ಹಿಡಿದರು. "ಭೇದಿ ಹತ್ತಿದ ಕೂಸಿಗೆ ನೀರು ಕುಡಸ್ತಾರೇನು? ಕುಡಸಿದಷ್ಟೂ ಹರೀತದ. ಬುದ್ಧಿ ನೆಟ್ಟಗದನೋ ಇಲ್ಲೋ?"

"ಬರೇ ನೀರಲ್ಲರೀ, ಉಪ್ಪು-ಸಕ್ಕರಿ ಹಾಕೇನಿ," ಸವದತ್ತಿಯಿಂದ ಬಂದಿದ್ದ ನರ್ಸು ಗುರುಬಸವ್ವ ಹೊಸ್ತಿಲಾಚೆಯಿಂದಲೇ ಅಂದಳು. "ಬಾಂಗ್ಲಾ ಯುದ್ಧದಾಗ ಕಾಲರಾ ಬಂದವರು ಇದರಿಂದನ ಉಳದಾರ. ಉಪ್ಪು ಕಣ್ಣೀರಿಗಿಂತ ಜಾಸ್ತಿ ಆಗಬಾರದು, ಅಷ್ಟ. ರುಚಿ ನೋಡಿ ಕುಡಸ್ರಿ."

"ನಿಮ್ಮ ಡಾಕ್ಟರು ಎಷ್ಟು ಹಡದಾರವ್ವಾ? ನಾ ಒಂಬತ್ತು ಹಡದೇನಿ!"

ಲೀಲಾಬಾಯಿಯ ತೊಡೆಯ ಮೇಲೆ ಮಗು ಒಣಗಿದ ನಾಲಿಗೆ ಚಾಚಿ ಲೋಟವನ್ನೇ ನೋಡುತ್ತಿತ್ತು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಒಮ್ಮೆಯೂ ಎದುರಾಡದವಳು ತಲೆ ಎತ್ತಿದಳು. "ಒಂಬತ್ತರಾಗ ಉಳದವು ಎಷ್ಟರೀ?"

ಉಳಿದದ್ದು ಇವಳ ಗಂಡನೊಬ್ಬನೇ. ಅದು ಊರಿಗೆಲ್ಲ ಗೊತ್ತಿತ್ತು. ಆ ಮನೆಯಲ್ಲಿ ಮಾತ್ರ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಮಥುರಾಬಾಯಿ ಸುಟ್ಟುಬಿಡುವ ಹಾಗೆ ನೋಡಿದರು. ಹೊಡೆದೇಬಿಡುತ್ತಾರೆಂದು ಲೀಲಾಬಾಯಿ ಮಗುವನ್ನು ಅವಚಿಕೊಂಡಳು. ಆದರೆ ಅತ್ತೆಯ ಕೈ ಲೋಟವನ್ನು ಕಸಿದುಕೊಂಡಿತು. ಮಥುರಾಬಾಯಿ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಬಾಯಿಗೆ ಹಚ್ಚಿದರು. ಬಹಳ ಹೊತ್ತು ನುಂಗಲಿಲ್ಲ.

"ಕಣ್ಣೀರಿನಷ್ಟ ಅದ," ಎಂದು ಲೋಟವನ್ನು ಸೊಸೆಯ ಮುಂದೆ ಕುಕ್ಕಿದರು. "ಕುಡಸು."