ಆ್ಯಪಿಗೆ ಹೇಳಿದ ಮಾತು

“ಕಾಯ ತ್ರಾಸ ಹೋತೋಯ?” ಎಂದು ಮೊಬೈಲು ಮರಾಠಿಯಲ್ಲಿ ಕೇಳಿದಾಗ ರಘುರಾಮನ ಎರಡೂ ಕೈ ಇಡ್ಲಿಹಿಟ್ಟಿನಲ್ಲಿದ್ದವು. ಏನು ತೊಂದರೆಯಾಗುತ್ತಿದೆ ಎಂದು ದಿನಾ ಬೆಳಿಗ್ಗೆ ವಿಚಾರಿಸುವುದು ಕ್ಯಾನ್ಸರ್ ಆಸ್ಪತ್ರೆಯ ಆ್ಯಪಿನ ಕೆಲಸ. ಕಾಯಿಲೆ ಹೆಂಡತಿ ಉಮಾವತಿಯದಾದರೂ ಉತ್ತರ ಕೊಡುವುದು ರಘುರಾಮನ ಕೆಲಸ. ಸ್ವಾರಗೇಟಿನ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂತು, ಗಿರಾಕಿಗಳ ನಡುವೆ, ಜ್ವರ ಇಲ್ಲ, ನೋವು ಇಲ್ಲ, ವಾಂತಿ ಇಲ್ಲ ಎಂದು ಒತ್ತಿಬಿಡುತ್ತಿದ್ದ. ಸುಳ್ಳೇನಲ್ಲ. ಮನೆಯಿಂದ ಹೊರಡುವಾಗ “ಹೇಗುಂಟು?” ಎಂದು ಕೇಳಿಯೇ ಬರುತ್ತಿದ್ದ; “ಎಂತ ಇಲ್ಲ ಮಾರ್ರೆ” ಎಂದು ಅವಳು ಹೇಳಿಯೇ ಕಳಿಸುತ್ತಿದ್ದಳು. ಮದುವೆಯಾದಾಗಿನಿಂದ ಅವಳಿಗೆ ಎಂತದೂ ಆದದ್ದಿಲ್ಲ, ಎರಡು ಹೆರಿಗೆಯೂ ಸೇರಿದಂತೆ.

ಇವತ್ತು ಹೋಟೆಲಿಗೆ ವಾರದ ರಜೆ. ಮೊಬೈಲು ಮನೆಯಲ್ಲಿ, ಉಮಾವತಿಯ ಮಂಚದ ಪಕ್ಕದಲ್ಲಿತ್ತು.

“ಅದರ ಬಾಯಿ ಮುಚ್ಚಿಸು ಮಾರಾಯ್ತಿ,” ಎಂದು ಅಡುಗೆಮನೆಯಿಂದಲೇ ಕೂಗಿದ. “ಎಲ್ಲದಕ್ಕೂ ಇಲ್ಲ ಅಂತ ಒತ್ತು, ಸುಮ್ಮನಾಗ್ತದೆ.”

ಉಮಾವತಿ ಒತ್ತಲಿಲ್ಲ; ಬಾಯಲ್ಲಿ ಹೇಳಿದರೂ ಆ್ಯಪು ಕೇಳಿಸಿಕೊಳ್ಳುತ್ತಿತ್ತು. ಮರಾಠಿಯಲ್ಲಿ ಯೋಗಕ್ಷೇಮ ಕೇಳಿದವರಿಗೆ ಮರಾಠಿಯಲ್ಲೇ, ಮರ್ಯಾದೆಯಾಗಿ, ಇದ್ದದ್ದು ಇದ್ದ ಹಾಗೆ ಹೇಳುವುದು ಅವಳ ಪದ್ಧತಿ. ಪಕ್ಕದ ಮನೆಯವರಾದರೂ ಸರಿ, ಮೊಬೈಲಿನೊಳಗಿನ ಹೆಂಗಸಾದರೂ ಸರಿ. “ಕಾಯ ಸಾಂಗೂ, ತಾಈ,” ಏನೆಂದು ಹೇಳಲಿ ಅಕ್ಕಾ, ಎಂದು ಶುರುಮಾಡಿದಳು. ರಾತ್ರಿಯಿಂದ ಚಳಿ ಬಿಟ್ಟಿಲ್ಲ. ಮೈ ಸುಡುತ್ತಿದೆ. ಬಾಯಿ ತುಂಬ ಹುಣ್ಣು, ಗಂಜಿಯೂ ಇಳಿಯುವುದಿಲ್ಲ. ಇವರಿಗೆ ಹೇಳಿಲ್ಲ, ಹೇಳಿದರೆ ಹೋಟೆಲಿಗೆ ಬೀಗ ಹಾಕಿ ನನ್ನೆದುರು ಕೂತು ಅಳುತ್ತಾರೆ.

ರಘುರಾಮನ ಕೈ ಹಿಟ್ಟಿನಲ್ಲೇ ನಿಂತಿತು.

ಕೈ ತೊಳೆಯುವಷ್ಟರಲ್ಲಿ, ಆ್ಯಪು ಕಳಿಸಿದ ಉತ್ತರ ಕೇಳಿ, ಆಸ್ಪತ್ರೆಯ ನರ್ಸ್ ಪ್ರಫುಲ್ಲಾಳ ಫೋನು ಬಂತು. “ಕಾಕಾ, ಕಿಮೋ ಆದವರಿಗೆ ಜ್ವರ ಬಂದರೆ ಕಾಯುವ ಹಾಗಿಲ್ಲ,” ಎಂದು ಮರಾಠಿಯಲ್ಲಿ ಗದರಿದಳು. “ಈಗಲೇ ಕರೆತನ್ನಿ.”

ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಜ್ವರ ಇಳಿಯಿತು. “ಸೋಂಕು ಮೈಯೆಲ್ಲ ಹರಡುವ ಮೊದಲೇ ಬಂದಿರಿ. ಇವತ್ತೂ ಇಲ್ಲ ಅಂತ ಒತ್ತಿದ್ದರೆ ಕಷ್ಟವಿತ್ತು, ಕಾಕಾ,” ಎಂದಳು ಪ್ರಫುಲ್ಲಾ. ರಘುರಾಮ ಅವಳಿಗೆ ಕೈಮುಗಿದ. ಅವಳು ಅತ್ತ ಹೋದ ಮೇಲೆ ಮೊಬೈಲಿಗೂ ಮುಗಿದ.

ಉಮಾವತಿ ಕಣ್ಣು ಬಿಟ್ಟಳು.

“ಹೇಗುಂಟು?”

“ಎಂತ ಇಲ್ಲ ಮಾರ್ರೆ.”

ರಘುರಾಮ ಗಂಟಲು ಸರಿಮಾಡಿಕೊಂಡು, ಗಿರಾಕಿಗಳಿಗೆಂದು ಇಟ್ಟುಕೊಂಡಿದ್ದ ತನ್ನ ಮರಾಠಿಯನ್ನು ಹೊರತೆಗೆದ. “ಸಾಂಗಾ ವಹಿನೀ,” ಹೇಳಿ ಅತ್ತಿಗೆ, ಎಂದು ಅಪರಿಚಿತನಂತೆ ಬಹುವಚನ ಹಚ್ಚಿ, ಎಲ್ಲೆಲ್ಲಿ ನೋಯುತ್ತದೆ ಎಂದು ಕೇಳಿದ.

ಉಮಾವತಿ ಅವನನ್ನೇ ನೋಡಿದಳು. ನಗು ಬಂತು, ಹುಣ್ಣು ಉರಿಯಿತು. ಸಲೈನಿನ ಸೂಜಿ ಚುಚ್ಚಿದ ಕೈಯನ್ನು ಜೋಪಾನವಾಗಿ ಎತ್ತಿಕೊಂಡು, ಸರಿದು, ಮಂಚದ ಅಂಚಿನಲ್ಲಿ ಜಾಗ ಮಾಡಿದಳು.

“ಕೂತ್ಕೊಳ್ಳಿ,” ಎಂದಳು, ಕನ್ನಡದಲ್ಲೇ. “ಪುರುಸೊತ್ತು ಉಂಟಲ್ಲ?”