ಏರದ ಮುಳ್ಳು

ಮುಳ್ಳು ಏರಲಿಲ್ಲ.

ಎಂಜಿನ್ನಿಗೆ ಪೆಟ್ರೋಲ್ ಹೋಗುವ ಪೈಪಿಗೆ ಮೀಟರ್ ಸಿಕ್ಕಿಸಿ, "ಒತ್ತಡ ಎಷ್ಟು ತೋರಿಸ್ತಿದೆ ನೋಡಿ ಯಜಮಾನ್ರೇ" ಎಂದ ಮೆಕ್ಯಾನಿಕ್.

ಅಪ್ಪ ಮೀಟರಿನ ಎದುರಿಗೇ ನಿಂತಿದ್ದರು. "ನೀನೇ ಓದಮ್ಮ" ಎಂದು ಮಗಳ ಕಡೆ ತಿರುಗಿದರು.

"ಒಂದೂವರೆ."

"ಮೂರಿರಬೇಕು. ಅರೆಹೊಟ್ಟೆ ಹಾಕಿ ಏರು ಹತ್ತು ಅಂದ್ರೆ ಹತ್ತುತ್ತಾ?"

ಮಗಳು ನಗಲಿಲ್ಲ. ಅವಳ ಬಲಗೈ ಹೆಗಲ ಚೀಲದೊಳಗೇ ಇತ್ತು. ಬೆಳಿಗ್ಗೆ ಶಾಲೆಯ ಏರಿನಲ್ಲಿ ಕಾರು ಕೆಮ್ಮಿ, ಉಸಿರುಗಟ್ಟಿ ನಿಂತುಬಿಟ್ಟಿತ್ತು. ಅಪ್ಪ ಹ್ಯಾಂಡ್‌ಬ್ರೇಕ್ ತಡಕಿ ಎಳೆಯುವಷ್ಟರಲ್ಲಿ ಹಿಂದಕ್ಕೆ ಜಾರಿತ್ತು. ಹಿಂದೆ ಲಾರಿ. ಹಿಂದಿನ ಸೀಟಿನಲ್ಲಿ ಅವಳ ಮಗು. ಮಗುವನ್ನು ಅವಳೇ ಶಾಲೆಯ ಗೇಟಿನವರೆಗೆ ನಡೆಸಿ ಬಿಟ್ಟು ಬಂದಿದ್ದಳು.

ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿದ. ಸ್ವಚ್ಛವಾಗಿತ್ತು. ಬಂಪರಿನ ಗೀರು ಕಂಡು ಹಲ್ಲು ಕಿರಿದ. "ಗೇಟಿನ ಕಂಬ ಪಕ್ಕಕ್ಕೆ ಸರೀಲಿಲ್ವಾ ಯಜಮಾನ್ರೇ?"

"ಗೇಟೇ ಇಕ್ಕಟ್ಟು ಕಣಪ್ಪ."

ಅಪ್ಪ ಜೀವಮಾನವಿಡೀ ಬಸ್ಸು ಓಡಿಸಿದವರು. ಅವರ ಡ್ರೈವಿಂಗ್ ಬಗ್ಗೆ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಕಾರು ಮಾರಿಬಿಡೋಣ ಎಂದು ಅವಳ ತಮ್ಮನೊಬ್ಬನೇ ಬಾಯಿಬಿಟ್ಟಿದ್ದ. ಅಂದಿನಿಂದ ಅಪ್ಪ ಅವನೊಂದಿಗೆ ಮಾತು ಬಿಟ್ಟಿದ್ದರು.

ಪೈಪಿನ ಜಾಡು ಹಿಡಿದು ಬೆರಳಾಡಿಸುತ್ತಿದ್ದ ಮೆಕ್ಯಾನಿಕ್ ಥಟ್ಟನೆ ನಿಂತ. "ಅಕ್ಕ, ಇಲ್ಲಿ ಬನ್ನಿ."

ಎಂಜಿನ್ನಿನ ಮೂಲೆಯಲ್ಲಿ, ರಬ್ಬರ್ ಪೈಪಿನ ಸುತ್ತ ಹಸಿರು ತಂತಿ ಬಿಗಿದಿತ್ತು. ಕುಂಡದ ಬಳ್ಳಿ ಕಟ್ಟುವಂಥದ್ದು.

"ಇದು ತಾನಾಗಿ ಆಗಿದ್ದಲ್ಲ. ಯಾರೋ ಬೇಕಂತಲೇ ಕತ್ತು ಹಿಸುಕಿದ್ದಾರೆ. ನಿಮಗೆ ಆಗದವರು ಯಾರಾದ್ರೂ ಇದ್ದಾರಾ?"

ಅಪ್ಪನ ಮುಖ ಕೆಂಪಾಯಿತು. "ಭಾನುವಾರ ನಿನ್ನ ತಮ್ಮ ಬಾನೆಟ್ ತೆಗೆದಿದ್ನಲ್ಲ?"

"ಅವನಲ್ಲ ಅಪ್ಪಾ."

"ನಿನಗೇನು ಗೊತ್ತು?"

"ಅವನಲ್ಲ ಅಂದ್ರೆ ಅಲ್ಲ. ಸುಮ್ಮನೆ ಅವನ ತಲೆಗೆ ಕಟ್ಟಬೇಡಿ."

ಮೆಕ್ಯಾನಿಕ್ ತಂತಿ ಕತ್ತರಿಸಿದ. "ಈಗ ನೋಡಿ, ಸರ್ರಂತ ಏರುತ್ತೆ." ಕೀಲಿ ತಿರುಗಿಸಿದ.

ಮುಳ್ಳು ಒಂದೂ ಮುಕ್ಕಾಲಿಗೆ ಬಂದು ನಿಂತಿತು.

ಮಗಳು ಮೀಟರಿನತ್ತ ಬಗ್ಗಿದಳು. "ಏರಲೇಬೇಕಿತ್ತಲ್ಲ! ಇನ್ನೊಂದು ಸಲ ನೋಡಿ."

"ಮೆಕ್ಯಾನಿಕ್ ನಾನೋ ನೀವೋ ಅಕ್ಕ?"

ಅವಳು ಹಿಂದೆ ಸರಿದಳು. ಹಾಗಾದರೆ ಬೇರೆ ಇನ್ನೇನೋ ಇದೆ.

ಮೆಕ್ಯಾನಿಕ್ ಹಿಂದಿನ ಸೀಟು ಎತ್ತಿದ. ಅದರಡಿ ಪೆಟ್ರೋಲ್ ಪಂಪಿನ ವೈರು ಹಿಡಿದಿಡುವ ಸ್ಕ್ರೂ ಸಡಿಲಾಗಿ ಅಲ್ಲಾಡುತ್ತಿತ್ತು. ಪಂಪಿಗೆ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸ್ಕ್ರೂ ಸುತ್ತ ತಗಡಿನ ತುಂಬ ಹೊಸ ಗೀರುಗಳು.

"ಇದನ್ನೂ ಯಾರೋ ಬಿಚ್ಚಿದ್ದಾರೆ. ಸ್ಕ್ರೂಡ್ರೈವರ್ ಹತ್ತು ಸಲ ಜಾರಿದೆ ನೋಡಿ. ಕತ್ತಲಲ್ಲಿ ತಡಕಾಡಿದ ಹಾಗಿದೆ. ಒಂದು ಬಡಪಾಯಿ ಕಾರಿಗೆ ಇಬ್ಬಿಬ್ಬರು ಶತ್ರುಗಳು! ಬಿಗಿ ಮಾಡ್ಲಾ ಯಜಮಾನ್ರೇ?"

"ಬೇಡ" ಎಂದರು ಅಪ್ಪ.

ಕೈ ಚಾಚಿ ಕಾರಿನ ಬಾಗಿಲು ಹುಡುಕಿ, ಅದನ್ನು ಹಿಡಿದು ನಿಂತರು.

"ಅದನ್ನ ಸಡಿಲ ಮಾಡಿದ್ದು ನಾನೇ ಕಣಪ್ಪ. ಸ್ಟಾರ್ಟೇ ಆಗಲ್ಲ ಅಂದ್ಕೊಂಡಿದ್ದೆ. ಆಗಿಬಿಡ್ತು. ಮೊಮ್ಮಗಳು ಹಿಂದೆ ಕೂತಿರ್ತಾಳೆ, ನಂಗೆ ರಸ್ತೆ ಅಂಚೇ ಕಾಣಲ್ಲ. ಬಾಯಿಬಿಟ್ಟು ಹೇಳಕ್ಕೆ ನಾಲಿಗೆ ಏಳಲಿಲ್ಲ." ಬಾನೆಟ್ಟಿನ ಕಡೆ ಮುಖ ತಿರುಗಿಸಿದರು. "ಆದ್ರೆ ಆ ತಂತಿ ನಂದಲ್ಲ."

ಮಗಳು ಚೀಲದಿಂದ ಬಲಗೈ ಹೊರತೆಗೆದಳು. ಹಸಿರು ತಂತಿ ಚುಚ್ಚಿದ್ದ ಹೆಬ್ಬೆರಳಿನ ಮೇಲಿನ ಪಟ್ಟಿ ಅಪ್ಪನಿಗೆ ಕಾಣುವಂತಿರಲಿಲ್ಲ. ಅವರ ಬೆರಳುಗಳನ್ನು ಹಿಡಿದು ಅದರ ಮೇಲೆ ಇಟ್ಟಳು.